ಚೀಲದಲ್ಲಿ ಲಾವಂಚ ಬೆಳೆದು ಸುಗಂಧದ ಹಾರ ಕಟ್ಟುವ ಬಗೆ

ಲಾವಂಚ ಅಥವಾ ಮುಡಿವಾಳವು ಹುಲ್ಲಿನ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಇದರ ಸುವಾಸನೆಯಿರುವುದು ಬೇರಿನಲ್ಲಿ. ಈ ಬೇರಿನಿಂದ ಕಟ್ಟಿದ ಹಾರ, ತೋರಣ ಹಾಗೂ ಬೀಸಣಿಗೆಗಳಿಗೆ ನಮ್ಮಲ್ಲಿ ಹಿಂದಿನಿಂದಲೂ ಬೇಡಿಕೆಯಿದೆ. ತೋಟಗಾರಿಕೆಯಲ್ಲಿ ಅನುಭವವಿಲ್ಲದವರೂ ಇದನ್ನು ಸುಲಭವಾಗಿ ಬೆಳೆಯಬಹುದು.

ಆದರೆ ಜಮೀನಿನ ಬದುವಿನ ಮೇಲಿರುವ ಲಾವಂಚವನ್ನು ಬೇರಿಗಾಗಿ ಎಂದಿಗೂ ಅಗೆಯಬೇಡಿ. ಇದರ ಬೇರುಗಳು ಪಕ್ಕಕ್ಕೆ ಹೆಚ್ಚು ಹರಡದೆ ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿದಿಡುತ್ತವೆ. ಗುಂಡ್ಲುಪೇಟೆ ಭಾಗದ ರೈತರು ಬಹುಕಾಲದಿಂದ ಇದನ್ನು ಗಡಿಸಾಲಾಗಿ ಉಳಿಸಿಕೊಂಡು ಬಂದಿರುವುದು ಈ ಗುಣದಿಂದಲೇ. ಒಂದೆರಡು ಬುಡ ಕಿತ್ತರೂ ಮಳೆನೀರು ಆ ಸಂದಿನಲ್ಲಿಯೇ ನುಗ್ಗಿ ಕೊರಕಲು ಉಂಟಾಗುತ್ತದೆ. ಹಾರಕ್ಕೆ ಬೇಕಾದ ಬೇರನ್ನು ಪ್ರತ್ಯೇಕವಾಗಿ ಚೀಲದಲ್ಲಿ ಬೆಳೆಯುವುದೇ ಸರಿಯಾದ ಕ್ರಮ.

ರಸಗೊಬ್ಬರದ ಖಾಲಿ ಚೀಲವನ್ನು ತೊಳೆದು, ತಳದಲ್ಲಿ ರಂಧ್ರಗಳನ್ನು ಮಾಡಿ. ಬಿಸಿಲಿಗೆ ಇಂತಹ ಚೀಲವು ವರ್ಷದೊಳಗೇ ಪುಡಿಯಾಗುವುದರಿಂದ ಒಂದರೊಳಗೊಂದು ಎರಡು ಚೀಲ ಬಳಸುವುದು ಲೇಸು. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಜೇಡಿಮಣ್ಣು ಬೇಡ, ಅದರಲ್ಲಿ ಬೇರು ತೊಳೆಯುವುದು ಕಷ್ಟ, ಎಳೆಯುವಾಗ ತುಂಡಾಗುತ್ತದೆ. ದಕ್ಷಿಣ ಭಾರತದ ಲಾವಂಚವು ಸಾಮಾನ್ಯವಾಗಿ ಬೀಜ ಕಟ್ಟದ ಕಾರಣ ತೆಂಡೆಗಳಿಂದಲೇ ಸಸ್ಯಾಭಿವೃದ್ಧಿ ಮಾಡಬೇಕು. ಮುಂಗಾರು ಆರಂಭವಾದೊಡನೆ, ಗರಿಗಳನ್ನು ಸುಮಾರು 20 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದ ಎರಡು ಮೂರು ತೆಂಡೆಗಳನ್ನು ಪ್ರತಿ ಚೀಲಕ್ಕೆ ನೆಡಿ. ಪೂರ್ಣ ಬಿಸಿಲು ಅಗತ್ಯ. ಬೇರೂರುವವರೆಗೆ ತೇವ ಕಾಪಾಡಿದರೆ ಸಾಕು, ಬಳಿಕ ಹೆಚ್ಚಿನ ಆರೈಕೆಯಿಲ್ಲ.

ಅವಸರಪಟ್ಟು ಆರು ತಿಂಗಳಿಗೇ ಕಿತ್ತರೆ ಬೇರು ಸಣ್ಣದಿದ್ದು ಪರಿಮಳವೂ ಕಡಿಮೆ. 15ರಿಂದ 18 ತಿಂಗಳು ಕಾಯಿರಿ. ಅನಂತರ ಒಣಹವೆಯ ದಿನಗಳಲ್ಲಿ ಚೀಲವನ್ನು ಸೀಳಿ, ಬುಡದಿಂದ ಬೇರನ್ನು ಬೇರ್ಪಡಿಸಿ, ನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿ. ಸುಗಂಧ ತೈಲವು ಆವಿಯಾಗುವ ಗುಣದ್ದಾದುದರಿಂದ ಸುಡುಬಿಸಿಲಿನಲ್ಲಿ ಹರಡಬಾರದು.

ಹಾರ ಕಟ್ಟುವ ಮುನ್ನ ಬೇರಿಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಡಿ. ಒಣಬೇರು ಮುರಿಯುತ್ತದೆ, ನೆನೆದದ್ದು ಬಾಗುತ್ತದೆ. ಬೆರಳಿನಷ್ಟು ದಪ್ಪದ ಹಿಡಿಗಳನ್ನು ಮಾಡಿ, ನಡುವೆ ಹತ್ತಿಯ ದಾರದಿಂದ ಬಿಗಿದು, ಎರಡೂ ತುದಿಗಳನ್ನು ಸಮನಾಗಿ ಕತ್ತರಿಸಿ. ಬಳಿಕ ಹೂಮಾಲೆಯಂತೆಯೇ ಒಂದರ ಪಕ್ಕದಲ್ಲೊಂದನ್ನು ಸೇರಿಸಿ ಕಟ್ಟಿ. ನಡುನಡುವೆ ಬಣ್ಣದ ದಾರ ಅಥವಾ ಏಲಕ್ಕಿ ಪೋಣಿಸಬಹುದು. ಕೆಲವರು ಕೃತಕ ಅತ್ತರು ಸಿಂಪಡಿಸಿ ಮಾರುವುದುಂಟು. ಅದು ಬೇಗನೆ ಆರಿಹೋಗಿ ಗಿರಾಕಿಯ ನಂಬಿಕೆಯನ್ನು ಕೆಡಿಸುತ್ತದೆ. ಅಸಲಿ ಬೇರಿಗೆ ನೀರಿನ ಹನಿ ಚಿಮುಕಿಸಿದರೆ ಪರಿಮಳ ಮರಳಿ ಹೊಮ್ಮುತ್ತದೆ.

ಕಟ್ಟಿದ ಹಾರವನ್ನು ಪೂರ್ಣವಾಗಿ ಆರಿಸಿಯೇ ಡಬ್ಬಿಯಲ್ಲಿಡಿ, ತೇವವಿದ್ದರೆ ಬೂಷ್ಟು ಹಿಡಿಯುತ್ತದೆ. ಬೇರು ತೆಗೆದ ಬುಡದ ತೆಂಡೆಗಳನ್ನು ಎಸೆಯದೆ, ಸಾಕಷ್ಟು ನೀರುಣಿಸಿ ಹೊಸ ಚೀಲಗಳಲ್ಲಿಯೋ ಬದುವಿನ ಖಾಲಿ ಜಾಗದಲ್ಲಿಯೋ ನೆಡಿ.