ಪಂಚಾಂಗದಲ್ಲಿ ಮರೆತ ಚೀಟಿ

ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸದರಲ್ಲಿ, ಎಂದರೆ ಕಳೆದ ಶತಮಾನದ ತೊಂಬತ್ತರ ದಶಕದ ಮೊದಲಲ್ಲಿ, ನಾವು ಒಂದು ಕಂಪನಿಯ ಸಾಲಪತ್ರವನ್ನು ಕೊಂಡೆವು. ಬಡ್ಡಿ ಕಡಿಮೆಯಾಗಿದ್ದರೂ ಅದನ್ನು ಮುಂದೆ ಷೇರುಗಳಾಗಿ ಮಾರ್ಪಡಿಸಿಕೊಳ್ಳಬಹುದೆಂದು ನಮೂದಿಸಿತ್ತು. ಜತೆಗೆ ಬೇರೊಂದು ಚೀಟಿಯೂ ಬಂದಿತ್ತು. ಅದನ್ನು ಪಂಚಾಂಗದೊಳಗಿಟ್ಟು ಮರೆತೆವು. ಬಹುಕಾಲದ ಮೇಲೆ ಪೆಟ್ಟಿಗೆಯನ್ನು ಶೋಧಿಸುವಾಗ ಅದು ಕೈಗೆ ಸಿಕ್ಕಿತು, ಅವಧಿ ಮೀರಿಹೋಗಿತ್ತು. “ಬಿಟ್ಟಿ ಬಂದುದು, ಬಿಟ್ಟಿ ಹೋಯಿತು” ಎಂದು ಸಮಾಧಾನ ತಂದುಕೊಂಡೆವು. ಅದು ಬಿಟ್ಟಿ ಬಂದುದಲ್ಲವೆಂಬುದು ಲೆಕ್ಕಶಾಸ್ತ್ರದ ಪುಸ್ತಕವನ್ನು ತೆರೆದ ಮೇಲೆಯೇ ತಿಳಿದುದು.

ಆ ಚೀಟಿಗೆ ವಾರಂಟು ಎಂದು ಹೆಸರು. ಈ ಶಬ್ದವನ್ನು ಕೇಳಿ ವಾಚಕರು ಪೋಲೀಸರನ್ನು ನೆನೆಯಬೇಕಾದುದಿಲ್ಲ. ಗೊತ್ತಾದ ಅವಧಿಯೊಳಗೆ ಗೊತ್ತಾದ ಬೆಲೆಗೆ ಕಂಪನಿಯ ಷೇರನ್ನು ಕೊಳ್ಳುವ ಹಕ್ಕೇ ಈ ವಾರಂಟು. ಇದನ್ನು ಸಾಲಪತ್ರದಿಂದ ಬಿಡಿಸಿ ಮಾರಿದರೂ ಸಾಲಪತ್ರವು ನಮ್ಮಲ್ಲಿಯೇ ಉಳಿಯುವುದು. ೧೯೯೨ರಲ್ಲಿ ಟಾಟಾ ಉಕ್ಕಿನ ಕಂಪನಿಯು ಇಂತಹ ಬಿಡಿಸಬಹುದಾದ ವಾರಂಟುಗಳೊಡನೆ ಸಾಲದ ನೋಟುಗಳನ್ನು ಹೊರಡಿಸಿತ್ತು. ಪರಿವರ್ತನೆಯ ಹಕ್ಕಾದರೋ ಹಾಗಲ್ಲ. ಅದನ್ನು ಚಲಾಯಿಸಿದೊಡನೆ ಸಾಲವು ಅಳಿದು ಷೇರಾಗುವುದು.

ನಮ್ಮ ಆಲಂಕಾರಿಕರು ಬೆರಕೆಯಲ್ಲಿ ಎರಡು ಬಗೆಯನ್ನು ಹೇಳಿರುವರು. ಎಳ್ಳೂ ಅಕ್ಕಿಯೂ ಬೆರೆತರೆ ಕೈಯಿಂದಲೇ ಆರಿಸಬಹುದು. ಇದು ತಿಲತಂಡುಲ ನ್ಯಾಯ. ಹಾಲೂ ನೀರೂ ಬೆರೆತರೆ ಹಂಸವೇ ಬರಬೇಕು. ಇದು ಕ್ಷೀರನೀರ ನ್ಯಾಯ. ವಾರಂಟು ಸಾಲದೊಡನೆ ಎಳ್ಳಿನಂತೆಯೂ, ಪರಿವರ್ತನೆಯ ಹಕ್ಕು ನೀರಿನಂತೆಯೂ ಸೇರಿರುವುದು. ಇವುಗಳನ್ನು ಕಂಪನಿಯು ತನ್ನ ಲೆಕ್ಕದಲ್ಲಿ ಹೇಗೆ ಬರೆಯತಕ್ಕದ್ದು ಎಂಬುದೇ ಪ್ರಶ್ನೆ.

ಅಮೆರಿಕದ ಲೆಕ್ಕಪರಿಶೋಧಕರ ಮಂಡಲಿಯು ೧೯೬೯ರಲ್ಲಿ ಎಳ್ಳನ್ನು ಆರಿಸಿರಿ, ಹಾಲುನೀರನ್ನು ಹಾಗೆಯೇ ಬಿಡಿರಿ ಎಂಬರ್ಥದ ವಿಧಿಯನ್ನು ಮಾಡಿತು. ಸಾವಿರ ರೂಪಾಯಿಗೆ ಒಂದು ಪತ್ರವೂ ವಾರಂಟೂ ಮಾರಿವೆ ಎಂದಿಟ್ಟುಕೊಳ್ಳೋಣ. ವಾರಂಟಿಲ್ಲದ ಪರಿವರ್ತನೀಯ ಪತ್ರಕ್ಕೆ ಪೇಟೆಯಲ್ಲಿ ೯೫೦ ರೂಪಾಯಿ, ವಾರಂಟಿಗೆ ೧೦೦ ರೂಪಾಯಿ ಬೆಲೆಯಿದ್ದರೆ ಒಟ್ಟು ೧,೦೫೦. ಬಂದುದು ಸಾವಿರ. ತ್ರೈರಾಶಿಕದಿಂದ ವಾರಂಟಿನ ಪಾಲು ಸುಮಾರು ೯೫, ಪತ್ರದ ಪಾಲು ೯೦೫. ಮೊದಲಿನದು ಒಡೆಯರ ಬಂಡವಾಳಕ್ಕೂ ಎರಡನೆಯದು ಸಾಲಕ್ಕೂ ಜಮೆಯಾಗುವುವು. ನಡುವೆ ಕೆಲವು ಪತ್ರಗಳಿಗೆ ಬೇರೆ ವಿಧಿಗಳು ಬಂದಿದ್ದರೂ, ೨೦೨೦ರ ತಿದ್ದುಪಡಿಯು ಬಹುಮಟ್ಟಿಗೆ ಹಳೆಯ ದಾರಿಗೇ ಮರಳಿತು.

ನಮ್ಮ ದೇಶದಲ್ಲಿ ೫೦೦ ಕೋಟಿ ರೂಪಾಯಿಗಳಿಗೆ ಕಡಿಮೆಯಿಲ್ಲದ ನಿವ್ವಳ ಸಂಪತ್ತುಳ್ಳ ಕಂಪನಿಗಳಿಗೆ ೨೦೧೬ನೆಯ ಏಪ್ರಿಲ್ ೧ರಿಂದ ಹೊಸ ಭಾರತೀಯ ಲೆಕ್ಕಪದ್ಧತಿ ಜಾರಿಗೆ ಬಂದಿತು. ಅನಂತರ ಇನ್ನೂ ಕೆಲವು ಬಗೆಯ ಕಂಪನಿಗಳು ಅದರೊಳಗೆ ಸೇರಿದವು. ಅದರ ೩೨ನೆಯ ಪ್ರಮಾಣವು ಹಂಸದ ಕೆಲಸವನ್ನೇ ವಿಧಿಸುವುದು. ಮೊದಲು, ಯಾವ ಹಕ್ಕೂ ಇಲ್ಲದ ಬರಿಯ ಸಾಲಕ್ಕೆ ಏನು ಬೆಲೆಯೆಂದು ಎಣಿಸಬೇಕು; ಉಳಿದುದೆಲ್ಲ ಹಕ್ಕುಗಳ ಬೆಲೆ. ನಿಶ್ಚಿತ ಹಣಕ್ಕೆ ನಿಶ್ಚಿತ ಸಂಖ್ಯೆಯ ಷೇರುಗಳೆಂಬ ಕರಾರಿದ್ದರೆ ಆ ಶೇಷವು ಬಂಡವಾಳವೆನಿಸುವುದು. ಐದು ವರ್ಷಗಳ ಸಾವಿರ ರೂಪಾಯಿಯ ಪತ್ರಕ್ಕೆ ಶೇಕಡ ೬ ಬಡ್ಡಿ, ಅದೇ ಕಂಪನಿಯ ಬರಿಯ ಸಾಲಕ್ಕೆ ಶೇಕಡ ೧೦ ಎಂದಾದರೆ, ಸಾಲದ ಇಂದಿನ ಬೆಲೆ ಸುಮಾರು ೮೪೮ ರೂಪಾಯಿ; ಹಕ್ಕುಗಳ ಬೆಲೆ ೧೫೨.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಮೊದಲ ವರ್ಷದ ಬಡ್ಡಿಯನ್ನು ೮೪೮ಕ್ಕೆ ಶೇಕಡ ೧೦ರಂತೆ ೮೫ ರೂಪಾಯಿ ಎಂದು ಖರ್ಚು ಬರೆಯಬೇಕು. ಕೈಯಿಂದ ಕೊಟ್ಟುದು ೬೦. ಮಿಕ್ಕ ೨೫ ಸಾಲಕ್ಕೆ ಸೇರಿ ಅದು ೮೭೩ ಆಗುವುದು. ಹೀಗೆ ಬೆಳೆಯುತ್ತ ಐದನೆಯ ವರ್ಷದ ಕೊನೆಗೆ ಸರಿಯಾಗಿ ಸಾವಿರವನ್ನು ಮುಟ್ಟುವುದು. “ನಾವು ಶೇಕಡ ಆರಕ್ಕೇ ಸಾಲ ತಂದೆವು” ಎಂದು ಕಂಪನಿಯು ಹೇಳಿಕೊಂಡರೆ ಅದು ಅರ್ಧಸತ್ಯ. ಮಿಕ್ಕ ಅರ್ಧವನ್ನು ಅದು ಷೇರಿನ ಹಕ್ಕುಗಳ ರೂಪದಲ್ಲಿ, ಎಂದರೆ ಹಳೆಯ ಷೇರುದಾರರ ಪಾಲಿನಿಂದ, ತೆತ್ತಿರುವುದು.

ವಾರಂಟನ್ನು ಚಲಾಯಿಸಿದರೆ ಹೊಸ ಹಣದೊಡನೆ ಅದರ ಮೊದಲಿನ ಬೆಲೆಯೂ ಷೇರು ಬಂಡವಾಳದ ಕಡೆಗೆ ಸೇರುವುದು. ಚಲಾಯಿಸದೆ ಬಿಟ್ಟರೆ? ಆ ಹಣವು ಲಾಭವೆಂದು ಲೆಕ್ಕಕ್ಕೆ ಬರುವುದಿಲ್ಲ. ಬಂಡವಾಳದಲ್ಲಿಯೇ ಒಡೆಯರ ಸ್ವತ್ತಾಗಿ ನಿಲ್ಲುವುದು. ಪಂಚಾಂಗದಲ್ಲಿ ಮಲಗಿದ್ದ ನಮ್ಮ ಚೀಟಿಯ ಬೆಲೆಯೂ ಹೀಗೆಯೇ ಪರರ ಸ್ವತ್ತಾಯಿತು. ಕಡಿಮೆ ಬಡ್ಡಿಯನ್ನು ಒಪ್ಪಿಕೊಂಡಾಗಲೇ ಅದರ ಬೆಲೆಯನ್ನು ನಾವು ತೆತ್ತಿದ್ದೆವು. ತಪ್ಪು ಕಂಪನಿಯದಲ್ಲ, ನಮ್ಮದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಸಾಲಪತ್ರವನ್ನು ಕೊಳ್ಳುವ ಮೊದಲು, ಇದೇ ಕಂಪನಿಯ ಬರಿಯ ಸಾಲಕ್ಕೆ ಎಷ್ಟು ಬಡ್ಡಿ ಎಂದು ವಿಚಾರಿಸಿರಿ. ವ್ಯತ್ಯಾಸವೇ ಹಕ್ಕುಗಳಿಗೆ ನೀವು ತೆರುವ ಬೆಲೆ. ಬಳಿಕ ವಾರಂಟಿನ ಕೊನೆಯ ದಿನವನ್ನು ಪಂಚಾಂಗದ ಮೇಲೆ ಗುರುತು ಹಾಕಿರಿ, ಒಳಗಿಟ್ಟು ಮರೆಯಬೇಡಿರಿ.