ಕನ್ನಂಬಾಡಿ ಕಟ್ಟೆಯ ಹೆಮ್ಮೆ, ಕಾವಲು

ಮಂಡ್ಯ ಸೀಮೆಯಲ್ಲಿ ದೇಶಾಭಿಮಾನ ಎಂಬುದು ಹಳೆಯ ಭಾವನೆಯೇನಲ್ಲ. ಮೊದಲು ಇದ್ದದ್ದು ಅರಸೊತ್ತಿಗೆಯ ನಿಷ್ಠೆ. ಅತ್ತಿಕುಪ್ಪೆಯು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತು ಕೃಷ್ಣರಾಜಪೇಟೆಯಾಯಿತು. ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚರು ಬೀಡುಬಿಟ್ಟಿದ್ದ ಹಿರೋಡೆಯು ಫ್ರೆಂಚ್ ರಾಕ್ಸ್ ಆಗಿ, ಕೊನೆಗೆ ಪಾಂಡವಪುರವಾಯಿತು. 1771ರಲ್ಲಿ ಚಿನಕುರುಳಿಯ ಬಳಿ ಹೈದರನನ್ನು ಸೋಲಿಸಿದ ಮರಾಠಾ ಸೈನ್ಯ ಮೇಲುಕೋಟೆಯನ್ನು ಸೂರೆಗೈದು, ಕಬ್ಬಿಣಕ್ಕಾಗಿ ತೇರುಗಳನ್ನೇ ಸುಟ್ಟಿತು. ಅಂದು ಮೈಸೂರಿನವರೂ ಮರಾಠರೂ ಪರಸ್ಪರ ಹಗೆಗಳು, ಇಂದು ಒಂದೇ ದೇಶದವರು.

ದೇಶದ ಹೆಮ್ಮೆಗೆ ಇಲ್ಲಿ ಒಂದು ಆಕಾರ ಕೊಟ್ಟದ್ದು ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ 1911ರಲ್ಲಿ ಕೆಲಸ ಆರಂಭವಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿ ಕಟ್ಟಿದ ಈ ಅಣೆಕಟ್ಟೆಯ ನೀರಿನ ಪೂರ್ಣ ಮಟ್ಟ 124.80 ಅಡಿ. ಕಬ್ಬು, ಭತ್ತದ ಬಯಲು ಹಸಿರಾದದ್ದು ಈ ನೀರಿನಿಂದ. ಆದರೆ ಹೆಮ್ಮೆಗೂ ಒಂದು ಬೆಲೆಯಿತ್ತು: ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು, ಅಲ್ಲಿನ ವೇಣುಗೋಪಾಲಸ್ವಾಮಿ ದೇಗುಲವನ್ನು ಎಷ್ಟೋ ದಶಕಗಳ ಮೇಲೆ ಹೊಸ ಕನ್ನಂಬಾಡಿಯಲ್ಲಿ ಕಲ್ಲು ಕಲ್ಲಾಗಿ ಮರುಜೋಡಿಸಲಾಯಿತು.

ಈ ದೇಶಾಭಿಮಾನ ಧ್ವಜದ ರೂಪ ತಾಳಿದ್ದು 1938ರ ಏಪ್ರಿಲ್‌ನಲ್ಲಿ, ನೆರೆಯ ಮದ್ದೂರಿನ ಶಿವಪುರದಲ್ಲಿ. ನಿಷೇಧವಿದ್ದರೂ ಟಿ. ಸಿದ್ಧಲಿಂಗಯ್ಯ ಅವರ ನಾಯಕತ್ವದಲ್ಲಿ ಕಾಂಗ್ರೆಸ್ ಬಾವುಟ ಹಾರಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗೋಲಿಬಾರಾಯಿತು. ಬಳಿಕ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಮಿರ್ಜಾ–ಪಟೇಲ್ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೇ ರಾಷ್ಟ್ರಧ್ವಜವನ್ನೂ ಹಾರಿಸಲು ಅನುಮತಿ ಸಿಕ್ಕಿತು. ಎರಡು ಅಭಿಮಾನಗಳೂ ಒಟ್ಟಿಗೆ ಬಾಳಬಹುದೆಂದು ಮೈಸೂರು ಒಪ್ಪಿಕೊಂಡ ಗಳಿಗೆ ಅದು.

ಭಯೋತ್ಪಾದನೆಯ ಪೆಟ್ಟು ಈ ಹೆಮ್ಮೆಗೆ ಎರಡು ಬಗೆಯಲ್ಲಿ ಬಿದ್ದಿದೆ. ಒಂದು, ನೇರವಾದದ್ದು. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ 40 ಮಂದಿ ಸತ್ತರು. ಅವರಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧ ಎಚ್. ಗುರು ಒಬ್ಬರು. ದೂರದ ಕಾಶ್ಮೀರದ ಸುದ್ದಿ ಒಂದೇ ದಿನದಲ್ಲಿ ಜಿಲ್ಲೆಯ ಸೂತಕವಾಯಿತು.

ಇನ್ನೊಂದು ಪೆಟ್ಟು ಸದ್ದಿಲ್ಲದ್ದು. ಜನಜೀವನಕ್ಕೆ ಅಗತ್ಯವಾದ ಪೂರೈಕೆ ಮತ್ತು ಸೇವೆಗಳಿಗೆ ಅಡ್ಡಿ ತರುವುದನ್ನೂ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ 15ನೇ ಸೆಕ್ಷನ್ ಭಯೋತ್ಪಾದಕ ಕೃತ್ಯದ ಲಕ್ಷಣಗಳಲ್ಲಿ ಸೇರಿಸುತ್ತದೆ. ಅಣೆಕಟ್ಟೆ ಅಂಥ ಗುರಿಯಾಗಬಲ್ಲದು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗುಂಡಿನ ದಾಳಿಯಾಗಿ ಪ್ರೊ. ಎಂ.ಸಿ. ಪುರಿ ಬಲಿಯಾದದ್ದು, 2008ರ ಜುಲೈನಲ್ಲಿ ಅದೇ ನಗರದಲ್ಲಾದ ಸರಣಿ ಸ್ಫೋಟ — ಇಂಥವುಗಳಿಂದ ರಾಜ್ಯದ ಆಯಕಟ್ಟಿನ ಜಾಗಗಳ ಕಾವಲಿನ ಚಿಂತೆ ಹೆಚ್ಚಿತು. ಹಿಂದೆ ಜನ ಓಡಾಡುತ್ತಿದ್ದ ಕಟ್ಟೆಯ ಮೇಲಿನ ದಾರಿ ಇಂದು ಪ್ರವಾಸಿಗರಿಗೆ ಮುಚ್ಚಿದೆ. ಕೆಳಗಿನ ಬೃಂದಾವನ ಉದ್ಯಾನದ ಕಡೆಯಿಂದ ದೂರ ನಿಂತು ನೋಡಬೇಕು. ಕಾವಲು ಸರಿಯೇ, ಆದರೆ ತಾತ ಕಲ್ಲು ಹೊತ್ತ ಕಟ್ಟೆಯ ಮೇಲೆ ಮೊಮ್ಮಗ ನಡೆಯಲಾರ.

ಈ ಕಾವಲಿನ ಬೇಲಿಗಿಂತ ಆಳವಾದ ನಷ್ಟ ಅನುಮಾನದ್ದು. ಸ್ಫೋಟದ ಸುದ್ದಿ ಬಂದಾಗಲೆಲ್ಲ ಬಾಡಿಗೆಮನೆ ಹುಡುಕುವ ಅಪರಿಚಿತ, ಬೇರೆ ಹೆಸರಿನ ನೆರೆಯವನು ತನ್ನ ದೇಶನಿಷ್ಠೆಯನ್ನು ಸಾಬೀತು ಮಾಡಬೇಕಾಗುತ್ತದೆ. ಶ್ರೀರಂಗನಾಥನ ಗುಡಿಯೂ ಜುಮ್ಮಾ ಮಸೀದಿಯೂ ಒಂದೇ ಕೋಟೆಯೊಳಗಿರುವ ಶ್ರೀರಂಗಪಟ್ಟಣದಂಥ ಊರಿಗೆ ಈ ಹೊರೆ ಇನ್ನಷ್ಟು ಭಾರ.