ಗೌರಿಬಿದನೂರಿನ ಟೇಪು, ಮನೆಯ ಕ್ಯಾಸೆಟ್ಟು

ಗೌರಿಬಿದನೂರಿನ ಸುತ್ತ ಹೊಲ, ಕುರುಚಲು, ಬಂಡೆಗಳ ನಡುವೆ ಇಪ್ಪತ್ತು ಭೂಕಂಪಮಾಪಕಗಳ ಸಾಲೊಂದಿದೆ. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಎರಡು ತೋಳು, ಒಂದೊಂದೂ ಇಪ್ಪತ್ತು ಕಿಲೋಮೀಟರಿಗೆ ಮಿಕ್ಕಿ ಉದ್ದ. ಟ್ರಾಂಬೆಯ ಅಣುಶಕ್ತಿ ಸಂಸ್ಥೆ ಬ್ರಿಟನ್ನಿನ ನೆರವಿನಿಂದ 1965ರಲ್ಲಿ ಇದನ್ನು ನಿಲ್ಲಿಸಿತು. 1963ರ ಒಪ್ಪಂದ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಅಣುಬಾಂಬು ಸಿಡಿಸಬಾರದೆಂದಿತು, ನೆಲದಡಿಯದನ್ನು ಬಿಟ್ಟಿತು. ಹಾಗಾಗಿ ದೂರದಲ್ಲೆಲ್ಲೋ ನೆಲ ನಡುಗಿದರೆ ಅದು ಭೂಕಂಪವೋ ಬಾಂಬೋ ಎಂದು ಹೇಳಬಲ್ಲ ಕಿವಿಗಳು ಬೇಕಾದವು. ಗಟ್ಟಿ ಶಿಲೆಯ, ಸಮುದ್ರದ ಮೊರೆತದಿಂದ ದೂರದ ಈ ಬಯಲು ಅದಕ್ಕೆ ಒದಗಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಇದರ ಒಡಹುಟ್ಟುಗಳು.

ಆ ಕಿವಿಗಳು ಕೇಳಿದ್ದೆಲ್ಲ ವರ್ಷಗಟ್ಟಲೆ ಮ್ಯಾಗ್ನೆಟಿಕ್ ಟೇಪಿಗೆ ಸೇರಿತು. ಒಂದು ಅಂಗುಲ ಅಗಲ, ಅದರಲ್ಲಿ 24 ಟ್ರ್ಯಾಕು. ಇಲ್ಲೊಂದು ತೊಡಕು ಇತ್ತು. ಟೇಪಿನ ಹೆಡ್ಡು ಗ್ರಹಿಸುವುದು ಕಾಂತತೆ ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು. ಸೆಕೆಂಡಿಗೊಮ್ಮೆ ಮೆಲ್ಲಗೆ ಏರಿಳಿಯುವ ನೆಲದ ಅಲೆ ಅದಕ್ಕೆ ಕೇಳಿಸುವುದೇ ಇಲ್ಲ. ಆದ್ದರಿಂದ ಬಿಡದೆ ಮೊಳಗುವ ಒಂದು ಸ್ವರವನ್ನು ಟೇಪಿಗೆ ಹತ್ತಿಸಿ, ನೆಲ ಅಲುಗಿದಂತೆಲ್ಲ ಆ ಸ್ವರವನ್ನು ಏರಿಸಿ ಇಳಿಸುತ್ತಿದ್ದರು. ಎಫ್‌ಎಂ ರೇಡಿಯೋದ ಕ್ರಮವೂ ಇದೇ. ಆದರೆ ಮೋಟಾರು ಚೂರು ತಡವರಿಸಿದರೂ ಸ್ವರ ಏರಿಳಿದು, ನೆಲ ನಡುಗದಿದ್ದರೂ ನಡುಗಿದಂತೆ ಕಾಣುತ್ತದೆ. ಇಂಥ ಟೇಪುಗಳಲ್ಲಿ ಒಂದು ಟ್ರ್ಯಾಕಿಗೆ ಬರಿಯ ಸ್ವರವನ್ನಷ್ಟೇ ಬಿಡುತ್ತಿದ್ದರು. ಅದರಲ್ಲಿ ಕಂಡ ಅಲುಗಾಟವೆಲ್ಲ ಯಂತ್ರದ್ದು, ಉಳಿದ ಟ್ರ್ಯಾಕುಗಳಿಂದ ಅಷ್ಟನ್ನು ಕಳೆದರೆ ನೆಲದ್ದು ಉಳಿಯುತ್ತದೆ. ಮತ್ತೊಂದು ಟ್ರ್ಯಾಕಿನಲ್ಲಿ ಗಡಿಯಾರದ ಗುರುತು. ಟೇಪನ್ನು ಡಿಜಿಟಲ್ಲಿಗೆ ಇಳಿಸುವವರಿಗೆ ಈ ಎರಡು ಟ್ರ್ಯಾಕುಗಳೇ ಆಧಾರ.

1974ರ ಮೇ 18ರಂದು ಪೋಖ್ರಾನಿನಲ್ಲಿ ನೆಲದಡಿ ಸಿಡಿದ ಅಣುಬಾಂಬಿನ ಅಲೆ ಸುಮಾರು 1,600 ಕಿಲೋಮೀಟರು ದಾಟಿ ಮೂರೂವರೆ ನಿಮಿಷದೊಳಗೆ ಗೌರಿಬಿದನೂರಿಗೆ ಮುಟ್ಟಿತು. ಅಲೆ ಎಲ್ಲ ಮಾಪಕಗಳಿಗೂ ಒಟ್ಟಿಗೆ ಮುಟ್ಟುವುದಿಲ್ಲ. ಈ ತುದಿಗೂ ಆ ತುದಿಗೂ ಒಂದೆರಡು ಸೆಕೆಂಡು ಅಂತರ, ಆ ಅಂತರದಿಂದಲೇ ದಿಕ್ಕು ಗೊತ್ತಾಗುವುದು. ಟೇಪನ್ನು ಮತ್ತೆ ಓಡಿಸುವಾಗ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೆ ಟ್ರ್ಯಾಕುಗಳ ನಡುವೆ ಸಮಯ ಜಾರಿ, ದಿಕ್ಕೇ ಸುಳ್ಳಾಗುತ್ತದೆ. ಈ ಬಗೆಯ ಟೇಪುಗಳಲ್ಲಿದ್ದ ಹಳೆಯ ಸ್ಫೋಟಗಳ ದಾಖಲೆಯನ್ನು ಬ್ರಿಟನ್ನಿನ ಬ್ಲ್ಯಾಕ್‌ನೆಸ್ಟ್ ಕೇಂದ್ರದಲ್ಲಿ ಡಿಜಿಟಲ್ಲಿಗೆ ತಂದುಕೊಂಡಿದ್ದಾರೆ, ಇಂದಿಗೂ ಅದರ ಮೇಲೆ ಅಧ್ಯಯನ ನಡೆಯುತ್ತದೆ.

ಇಷ್ಟೆಲ್ಲ ಹೇಳಿದ್ದು ನಿಮ್ಮ ಟ್ರಂಕಿನಲ್ಲಿರುವ ಕ್ಯಾಸೆಟ್ಟಿನ ಸಲುವಾಗಿ. ಕೈವಾರ ತಾತಯ್ಯನವರ ಪದಗಳ ಭಜನೆ, ರಾತ್ರಿಯಿಡೀ ನಡೆದ ಕೇಳಿಕೆಯ ಆಟ, ಕನ್ನಡ ತೆಲುಗು ಬೆರೆತ ಸೋಬಾನೆ: ಚಿಂತಾಮಣಿ, ಶಿಡ್ಲಘಟ್ಟದ ಕಡೆ ಟೇಪ್ ರೆಕಾರ್ಡರು ಇದ್ದ ಮನೆಗಳಲ್ಲಿ ಹುಡುಕಿದರೆ ಇಂಥ ಒಂದಾದರೂ ಸಿಗುತ್ತದೆ. ನಿಯಮ ಬೇರೆಯೇನಿಲ್ಲ. ಡೆಕ್ಕಿನ ಹೆಡ್ಡಿನ ಪಕ್ಕ ಸಣ್ಣ ಸ್ಕ್ರೂ ಇರುತ್ತದೆ. ಹಾಡು ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ತಾಳದ ಕಿಣಿಕಿಣಿ ಎಲ್ಲಿ ಅತಿ ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಬೇಕು. ಪ್ರತಿ ಕ್ಯಾಸೆಟ್ಟಿಗೂ ಹೀಗೇ ಮಾಡಬೇಕು, ಏಕೆಂದರೆ ಒಂದೊಂದನ್ನೂ ಬರೆದ ಯಂತ್ರ ಬೇರೆ. ಇಲ್ಲಿ ಕಳೆದುಹೋದ ತಾಳದ ಸದ್ದನ್ನು ಯಾವ ಸಾಫ್ಟ್‌ವೇರೂ ಮರಳಿಸಲಾರದು.

ವೇಗದ್ದೂ ಇದೇ ಕಥೆ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರು ಓಡಬೇಕು. ಬೆಲ್ಟು ಸಡಿಲಾದ ಯಂತ್ರದಲ್ಲಿ ಬರೆದದ್ದನ್ನು ಸರಿಯಾದ ಯಂತ್ರದಲ್ಲಿ ಹಾಕಿದರೆ ಅಜ್ಜಿಯ ದನಿ ಹುಡುಗಿಯದಾಗುತ್ತದೆ. ಮನೆಯ ಟೇಪಿನಲ್ಲಿ ಬರಿಯ ಸ್ವರದ ಟ್ರ್ಯಾಕು ಇಲ್ಲ, ಆದರೆ ಹಾರ್ಮೋನಿಯಂ ಇದೆ! ಭಜನೆ ಮನೆಯಲ್ಲಿ ಅದೇ ಪೆಟ್ಟಿಗೆ ಈಗಲೂ ಇದ್ದರೆ, ಟೇಪಿನ ಷಡ್ಜವನ್ನು ಅದರ ಷಡ್ಜಕ್ಕೆ ಕೂಡಿಸಿ ವೇಗ ಸರಿಪಡಿಸಬಹುದು. ರೀಡಿನ ಶ್ರುತಿ ದಶಕಗಳಲ್ಲೂ ಹೆಚ್ಚು ಅಲುಗುವುದಿಲ್ಲ. ಕರೆಂಟಿನ ಗುಂಯ್ ಸದ್ದು ಸೆಕೆಂಡಿಗೆ ಸುಮಾರು ಐವತ್ತು ಕಂಪನವೆಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಹಿಂದೆ ನಮ್ಮ ಕರೆಂಟೇ ಐವತ್ತಕ್ಕಿಂತ ಕೆಳಗಿಳಿಯುತ್ತಿತ್ತು, ಆದ್ದರಿಂದ ನನಗೆ ಹಾರ್ಮೋನಿಯಂ ಮೇಲೇ ನಂಬಿಕೆ.

ಡಿಜಿಟಲ್ಲಿಗೆ ಇಳಿಸುವಾಗ 96 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲು ಮಾಡಿಕೊಳ್ಳಿ; ಗಂಟೆಗೆ ಸುಮಾರು ಎರಡು ಜಿಬಿ ಹಿಡಿಯುತ್ತದೆ. ಹಂಚಲು ಎಂಪಿ3 ಸಾಕು. ವೇವ್ ಫೈಲಿನಲ್ಲಿ ಒಂದು ಸದ್ದನ್ನೂ ಅಳಿಸಬೇಡಿ, ಶುದ್ಧಿ ಮಾಡುವುದಿದ್ದರೆ ಅದರ ನಕಲಿನ ಮೇಲೆ ಮಾಡಿ. ಭೂಕಂಪ ವಿಜ್ಞಾನಿಗಳು ಬಹುಕಾಲ ಗದ್ದಲವೆಂದು ಬಿಟ್ಟಿದ್ದ ನೆಲದ ನಿತ್ಯದ ಮಿಡಿತದಿಂದಲೇ ಈ ಶತಮಾನದಲ್ಲಿ ಭೂಮಿಯ ಒಳರಚನೆಯ ಚಿತ್ರ ತೆಗೆಯುತ್ತಿದ್ದಾರೆ. ಹಾಡಿನ ಹಿಂದೆ ಓಣಿಯ ರೇಷ್ಮೆ ನೂಲು ತೆಗೆಯುವ ಫಿಲೇಚರು ಗಿರಗಿರ ಎನ್ನುತ್ತಿದ್ದರೆ, ಯಾರೋ ಕೆಮ್ಮಿ ತೆಲುಗಿನಲ್ಲಿ ನೀರು ಕೇಳಿದ್ದರೆ, ಅದೂ ಆ ಊರಿನ ದಾಖಲೆ.

ಗ್ರಾಮಫೋನ್ ತಟ್ಟೆ ಇರುವವರಿಗೆ ಎರಡು ಮಾತು. 78 ವೇಗದ ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಅರಗು ಕರಗುತ್ತದೆ. ಎಲ್‌ಪಿಯ ಸಣ್ಣ ಮುಳ್ಳನ್ನೂ ಇಡಬೇಡಿ, ಅದು ಗೆರೆಯ ತಳಕ್ಕಿಳಿದು ಕಸವನ್ನೇ ನುಡಿಸುತ್ತದೆ. ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು.

ಸಿನಿಮಾ ಹಾಡಿನ ಕ್ಯಾಸೆಟ್ಟು ಕಾಯಬಹುದು, ಅದರ ಪ್ರತಿ ಬೇರೆಡೆ ಇದೆ. ಮೊದಲು ಇಳಿಸಬೇಕಾದದ್ದು ಮನೆಯಲ್ಲಿ ಬರೆದದ್ದನ್ನು. ಮೇಲಿನ ಚೀಟಿಯಲ್ಲಿ ಹೆಸರಿಲ್ಲದಿದ್ದರೆ ಹಿರಿಯರನ್ನು ಕೂರಿಸಿಕೊಂಡು ಕೇಳಿಸಿ. ಯಾರು ಹಾಡಿದರು, ಯಾವ ಊರ ಗುಡಿ, ಯಾವ ಹಬ್ಬ ಎಂದು ಅವರು ಹೇಳಿದ್ದನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ.